ಬೀಳಲಿರುವ ಉಪಗ್ರಹ ಒಂದೂವರೆ ನಿಮಿಷ ಮೊದಲೇ ಬಂತು. ತಪ್ಪು ನನ್ನದೋ, ಆ್ಯಪ್‌ನದೋ?

ಬೈತಖೋಲದವಳು:
ಕಾರವಾರದ ಬೈತಖೋಲ ಬಂದರಿನ ಹತ್ತಿರ ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆಯಾದರೆ ಆಕಾಶ ನೋಡುವ ಹುಚ್ಚು. ಕೆಟ್ಟು ಸುಮ್ಮನಾದ ಹಳೆ ಉಪಗ್ರಹವೊಂದು ಈ ವಾರ ಬೀಳುತ್ತದೆ ಅಂತ ಗೊತ್ತಾಯಿತು. ನಿನ್ನೆ ಅಣ್ಣನ ದುರ್ಬೀನು ಹಿಡಿದು ಟ್ಯಾಗೋರ್ ಬೀಚಿಗೆ ಹೋದೆ. ಆ್ಯಪ್ ಪ್ರಕಾರ 7:24ಕ್ಕೆ ಬರಬೇಕಿತ್ತು. 7:22 ದಾಟಿತ್ತಷ್ಟೇ, ಚುರುಮುರಿ ಇನ್ನೂ ಕೈಯಲ್ಲೇ ಇತ್ತು, ನೈಋತ್ಯದಲ್ಲಿ ಕಡಲ ಮೇಲಿಂದ ಎದ್ದೇಬಿಟ್ಟಿತು! ಮೊದಲು ದೋಣಿಯ ದೀಪ ಅಂದುಕೊಂಡೆ. ದೋಣಿ ಆಕಾಶಕ್ಕೆ ಏರುವುದಿಲ್ಲ ಅಲ್ವಾ. ನಾಲ್ಕೈದು ಸೆಕೆಂಡಿಗೊಮ್ಮೆ ಮಿಂಚಿ, ಮಂಕಾಗಿ, ಲುಬ್ಧಕ ನಕ್ಷತ್ರದ ಪಕ್ಕದಲ್ಲೇ ಹಾದು, ಪೂರ್ವದ ಗುಡ್ಡ ಮುಟ್ಟುವ ಮೊದಲೇ ಮಾಯ. ಫೋನಿನ ಗಡಿಯಾರ ಸರಿಯೇ ಇದೆ. ಮತ್ತೆ ಯಾಕೆ ಹೀಗೆ? ಉರಿದುಹೋಯಿತೇ? ನಮ್ಮ ಮೇಲೆ ಬೀಳಬಹುದೇ ಅಂತ ಅಮ್ಮ ಬೇರೆ ಕೇಳುತ್ತಿದ್ದಾಳೆ.

ಶಿರಸಿ ಮಾಸ್ತರು:
ತಂಗಿ, ಆ್ಯಪ್‌ನಲ್ಲಿರುವ ಕಕ್ಷೆಯ ಲೆಕ್ಕ ಯಾವ ದಿನದ್ದು ನೋಡು. ಎರಡು ಮೂರು ದಿನ ಹಳತಾಗಿದ್ದರೆ ಇದೇ ಆಗುವುದು. ತೆಳು ಗಾಳಿ ತಡೆದ ಹಾಗೆ ಉಪಗ್ರಹ ಕೆಳಗಿಳಿಯುತ್ತದೆ. ಕೆಳಗಿಳಿದಷ್ಟೂ ಸುತ್ತು ಸಣ್ಣದು, ವೇಗ ಜಾಸ್ತಿ. 400 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ ಬೇಕು, 200ರಲ್ಲಿ 88 ಚಿಲ್ಲರೆ ಸಾಕು. ಬ್ರೇಕ್ ಹಾಕಿದರೆ ಓಟ ಜೋರಾಗುವ ಗಾಡಿ ಇದೊಂದೇ ಇರಬೇಕು! ಹಾಗಾಗಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಮುಂಚೆ ಬರುತ್ತದೆ. ನಿನ್ನ ಒಂದೂವರೆ ನಿಮಿಷ ಅಂದರೆ ದಾರಿಯಲ್ಲಿ 700 ಕಿ.ಮೀ. ಮುಂದೆ.
ಮಿಂಚಿದ್ದು ಮಗುಚುತ್ತಾ ಹೋಗುವುದಕ್ಕೆ. ಫಲಕಕ್ಕೆ ಬಿಸಿಲು ತಾಗಿದಾಗ ಹೊಳೆಯುತ್ತದೆ. ಮಾಯವಾಗಿದ್ದು ಭೂಮಿಯ ನೆರಳಿಗೆ ಹೊಕ್ಕಿದ್ದರಿಂದ, ಉರಿದಿದ್ದಲ್ಲ.
1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುವಾಗ ನಾನು ಹೈಸ್ಕೂಲು. ಆಷಾಢದ ಮಳೆ, ಅಡಿಕೆಗೆ ಮದ್ದು ಹೊಡೆಯುವ ಕಾಲ. ಆಕಾಶವೇ ಕಾಣದು, ಆದರೂ ಊರಿಡೀ ತಲೆ ಎತ್ತಿಕೊಂಡೇ ತಿರುಗುತ್ತಿತ್ತು. ಕೊನೆಗೆ ಜುಲೈ 11ರಂದು ಚೂರುಗಳು ಬಿದ್ದದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ.

ಕುಮಟೆಯ ಮೆಕ್ಯಾನಿಕ್:
ಅಕ್ಕ, ಅಮ್ಮನಿಗೆ ಧೈರ್ಯ ಹೇಳಿ. ಭೂಮಿಯಲ್ಲಿ ಮುಕ್ಕಾಲು ಪಾಲು ನೀರೇ. 2018ರ ಏಪ್ರಿಲ್ 2ರಂದು ಚೀನಾದ ಬಾಹ್ಯಾಕಾಶ ನಿಲ್ದಾಣ ಟಿಯಾಂಗಾಂಗ್-1 ಕೂಡ ಪೆಸಿಫಿಕ್‌ಗೇ ಬಿತ್ತು. ಇಸ್ರೋದ ಹಳೆ ಉಪಗ್ರಹ ಮೇಘಾ-ಟ್ರಾಪಿಕ್ಸ್‌ನಲ್ಲಿ ಇಂಧನ ಉಳಿದಿತ್ತು, 2023ರ ಮಾರ್ಚ್ 7ರಂದು ಬೇಕಾದ ಕಡೆಗೇ ಇಳಿಸಿದರು. ನಿಮ್ಮದಕ್ಕೆ ಜೀವವೇ ಇಲ್ಲ, ಅದು ತನಗೆ ತೋಚಿದಲ್ಲಿ ಬೀಳುವುದು.

ಬೈತಖೋಲದವಳು:
ಮಾಸ್ತರ್ರೇ, ಲೆಕ್ಕ ಮೂರು ದಿನ ಹಳತಾಗಿತ್ತು! ನನ್ನ 7:22ರಿಂದ ಯಾರಿಗಾದರೂ ಉಪಯೋಗ ಉಂಟೇ?

ಶಿರಸಿ ಮಾಸ್ತರು:
ಉಂಟು, ಆದರೆ ಸೆಕೆಂಡು ಬೇಕು. ಲುಬ್ಧಕದ ಪಕ್ಕ ಬಂದಾಗ ಸ್ಟಾಪ್‌ವಾಚ್ ಒತ್ತು. ನೀನು ನಿಂತ ಜಾಗ, ನಕ್ಷತ್ರದಿಂದ ಎಷ್ಟು ದೂರ ಹಾದುಹೋಯಿತು, ಎಷ್ಟು ಸೆಕೆಂಡಿಗೊಮ್ಮೆ ಮಿಂಚಿತು, ಎಲ್ಲ ಬರೆದಿಡು. ಸೂರ್ಯನ ಅಬ್ಬರ ಹೆಚ್ಚಾದರೆ ಮೇಲಿನ ಗಾಳಿ ಉಬ್ಬುತ್ತದೆ, ದೊಡ್ಡವರ ಲೆಕ್ಕವೂ ತಪ್ಪುತ್ತದೆ. ಆಗ ಇಂಥ ಅಳತೆ ಬೇಕಾಗುತ್ತದೆ. ಹತ್ತು ನಿಮಿಷ ಮೊದಲೇ ಹೋಗಿ ಕೂರು.

ಬೈತಖೋಲದವಳು:
ಇವತ್ತು ಅರ್ಧ ಗಂಟೆ ಮೊದಲೇ ಹೋಗಿ ಕೂತೆ. ಸ್ಟಾಪ್‌ವಾಚ್ ಕೈಯಲ್ಲಿ, ಚುರುಮುರಿ ಅಣ್ಣನ ಕೈಯಲ್ಲಿ. ಎಂಟು ಗಂಟೆಯಾದರೂ ದೋಣಿಗಳ ದೀಪ ಬಿಟ್ಟರೆ ಏನೂ ಇಲ್ಲ. ಮನೆಗೆ ಬಂದು ನೋಡಿದರೆ ಮಧ್ಯಾಹ್ನವೇ ಬಿದ್ದುಹೋಗಿದೆಯಂತೆ, ಕಡಲಿಗೆ. ಅಮ್ಮನಿಗೆ ಸಮಾಧಾನ. ನನಗೆ ಆ ಸೆಕೆಂಡಿನದ್ದೇ ಹೊಟ್ಟೆಯುರಿ.