ಪರ್ಮ್ಯಾಂಗನೇಟ್ ಅನುಮಾಪನದಲ್ಲಿ ಕಂದು ಬಣ್ಣ ಬರುವುದೇಕೆ?

ಹಾಸನದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಕಳೆದ ವಾರ ಅನುಮಾಪನದಲ್ಲಿ, ಅಂದರೆ ಒಂದು ದ್ರಾವಣದೊಡನೆ ಪೂರ್ತಿ ವರ್ತಿಸಲು ಇನ್ನೊಂದು ಎಷ್ಟು ಬೇಕೆಂದು ಅಳೆಯುವ ಪ್ರಯೋಗದಲ್ಲಿ, ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಬ್ಯುರೆಟ್ಟಿನಿಂದ (ಅಳತೆ ಗೆರೆಗಳಿರುವ ಉದ್ದ ಕೊಳವೆಯಿಂದ) ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಬಿಡುತ್ತಿದ್ದಾಗ, ಕೊನೆಗೆ ತಿಳಿ ಗುಲಾಬಿ ಬಣ್ಣ ನಿಲ್ಲುವ ಬದಲು ಫ್ಲಾಸ್ಕಿನಲ್ಲಿ ಕಂದು ಕದಡು ಕಾಣಿಸಿಕೊಂಡಿತು. ಮತ್ತೊಮ್ಮೆ ಮಾಡಿದಾಗಲೂ ಹಾಗೆಯೇ ಆಯಿತು. ಇನ್ನೊಂದು ಗೊಂದಲವೂ ಇದೆ. ಪರ್ಮ್ಯಾಂಗನೇಟಿನ ಈಕ್ವಿವಲೆಂಟ್ ತೂಕ ನನ್ನ ಟಿಪ್ಪಣಿಯಲ್ಲಿ ಒಂದು ಕಡೆ 31.6, ಇನ್ನೊಂದು ಕಡೆ 52.67 ಎಂದಿದೆ. ಒಂದೇ ವಸ್ತುವಿಗೆ ಎರಡು ಬೆಲೆ ಹೇಗೆ ಬರುತ್ತದೆ?

ಚನ್ನರಾಯಪಟ್ಟಣದ ಉಪನ್ಯಾಸಕ:
ನಿಮ್ಮ ಎರಡು ಪ್ರಶ್ನೆಗಳ ಬೇರೂ ಒಂದೇ. ಮ್ಯಾಂಗನೀಸಿನಂತಹ ಸಂಕ್ರಮಣ ಲೋಹಗಳಲ್ಲಿ 3ಡಿ ಮತ್ತು 4ಎಸ್ ಎಂಬ ಹೊರಗಿನ ಕಕ್ಷಕಗಳ ಎಲೆಕ್ಟ್ರಾನುಗಳ ಶಕ್ತಿ ಹತ್ತಿರ ಹತ್ತಿರವಿರುವುದರಿಂದ, ಮ್ಯಾಂಗನೀಸು +2ರಿಂದ +7ರವರೆಗೆ ಹಲವು ಉತ್ಕರ್ಷಣ ಸ್ಥಿತಿಗಳಲ್ಲಿ (ಪರಮಾಣು ಎಷ್ಟು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿದೆ ಎಂಬ ಲೆಕ್ಕ) ಸಿಗುತ್ತದೆ. ಪರ್ಮ್ಯಾಂಗನೇಟಿನಲ್ಲಿ ಅದು +7ರಲ್ಲಿದೆ. ಅಲ್ಲಿಂದ ಇಳಿಯತೊಡಗಿದಾಗ ಎಲ್ಲಿ ನಿಲ್ಲುತ್ತದೆ ಎಂಬುದು ಮಾಧ್ಯಮವನ್ನು, ಅಂದರೆ ದ್ರಾವಣದಲ್ಲಿ ಎಷ್ಟು ಆಮ್ಲವಿದೆ ಎಂಬುದನ್ನು, ಅವಲಂಬಿಸಿದೆ. ಪರ್ಮ್ಯಾಂಗನೇಟ್ ಅಯಾನಿನ ನಾಲ್ಕು ಆಕ್ಸಿಜನ್ ಪರಮಾಣುಗಳು ನೀರಾಗಿ ಕಳಚಿಕೊಳ್ಳಲು ಎಂಟು ಹೈಡ್ರೋಜನ್ ಅಯಾನುಗಳು ಬೇಕು. ಅಷ್ಟು ಆಮ್ಲವಿದ್ದರೆ ಮ್ಯಾಂಗನೀಸು ಐದು ಎಲೆಕ್ಟ್ರಾನುಗಳನ್ನು ಪಡೆದು, ಬಹುತೇಕ ಬಣ್ಣವಿಲ್ಲದ +2 ಸ್ಥಿತಿಗೆ ಬರುತ್ತದೆ. ಆಮ್ಲ ಸಾಲದಿದ್ದರೆ ಮೂರೇ ಎಲೆಕ್ಟ್ರಾನುಗಳನ್ನು ಪಡೆದು +4ರಲ್ಲಿ, ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಂತುಬಿಡುತ್ತದೆ. ನೀವು ಕಂಡ ಕದಡು ಅದೇ. ಈಕ್ವಿವಲೆಂಟ್ ತೂಕವೆಂದರೆ ಅಣುತೂಕವನ್ನು ಪಡೆದ ಎಲೆಕ್ಟ್ರಾನುಗಳ ಸಂಖ್ಯೆಯಿಂದ ಭಾಗಿಸಿದ್ದು. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಅಣುತೂಕ 158ನ್ನು 5ರಿಂದ ಭಾಗಿಸಿದರೆ 31.6, 3ರಿಂದ ಭಾಗಿಸಿದರೆ 52.67. ಎಷ್ಟು ಎಲೆಕ್ಟ್ರಾನುಗಳು ವರ್ಗವಾದವು ಎಂಬುದು ಖಚಿತವಿಲ್ಲದಿದ್ದರೆ ಬ್ಯುರೆಟ್ಟಿನ ಅಂಕಿಗೆ ಅರ್ಥವೇ ಇರುವುದಿಲ್ಲವಾದ್ದರಿಂದ, ಕಂದು ಬಂದ ಆ ಎರಡು ಸಲದ ಬ್ಯುರೆಟ್ ಅಂಕಿಗಳನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ.

ಚಿಕ್ಕಮಗಳೂರಿನ ಪ್ರಯೋಗಾಲಯ ಸಹಾಯಕಿ:
ಸಾರರಿಕ್ತ (ನೀರು ಬೆರೆಸಿದ) ಗಂಧಕಾಮ್ಲವನ್ನು ಒಂದು ಟೆಸ್ಟ್ ಟ್ಯೂಬ್ ತುಂಬ ಹಾಕಿದ್ದಿರಾ? ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡುವುದನ್ನೂ ಮರೆಯಬಾರದು. ಮೊದಲ ಕೆಲವು ಹನಿಗಳ ಬಣ್ಣ ನಿಧಾನವಾಗಿ ಹೋಗುತ್ತದೆ. ಹುಟ್ಟಿದ +2 ಮ್ಯಾಂಗನೀಸೇ ಮುಂದಿನ ಕ್ರಿಯೆಗೆ ವೇಗವರ್ಧಕವಾಗುವುದರಿಂದ ಆಮೇಲೆ ಬೇಗ ಮಾಯವಾಗುತ್ತದೆ. ಆರಂಭದಲ್ಲಿಯೇ ಆತುರದಿಂದ ಸುರಿದರೂ ಕಂದು ಬರುತ್ತದೆ. ಆಕ್ಸಾಲಿಕ್ ಆಮ್ಲದ ಬದಲು ಮೋರ್ ಲವಣವನ್ನು (ಕಬ್ಬಿಣವಿರುವ ಒಂದು ಲವಣ) ಅನುಮಾಪಿಸುವಾಗ ಮಾತ್ರ ಬಿಸಿ ಮಾಡಬೇಡಿ. ಅದರಲ್ಲಿರುವ +2 ಕಬ್ಬಿಣ ಗಾಳಿಯಿಂದಲೇ +3 ಆಗಿಬಿಡುತ್ತದೆ.

ಹಾಸನದ ವಿದ್ಯಾರ್ಥಿನಿ:
ಕಾಲು ಟ್ಯೂಬಿನಷ್ಟೇ ಹಾಕಿದ್ದೆ ಮೇಡಂ. ಗಂಧಕಾಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಬಳಸಬಹುದೇ ಸರ್?

ಚನ್ನರಾಯಪಟ್ಟಣದ ಉಪನ್ಯಾಸಕ:
ಬೇಡ. ಪರ್ಮ್ಯಾಂಗನೇಟ್ ಆ ಆಮ್ಲದ ಕ್ಲೋರೈಡನ್ನೂ ಉತ್ಕರ್ಷಿಸಿ (ಅದರ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು) ಕ್ಲೋರಿನ್ ಮಾಡುತ್ತದೆ, ಹಾಗಾಗಿ ಬ್ಯುರೆಟ್ಟಿನ ಅಂಕಿ ಇರಬೇಕಾದುದಕ್ಕಿಂತ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕವಾದ್ದರಿಂದ ಅದೂ ಬೇಡ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣವನ್ನು ಅಳೆಯಬೇಕಾದಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತಾರೆ. ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯ ಕ್ರೋಮೈಟ್ ಅದಿರಿನಲ್ಲಿ ಕ್ರೋಮಿಯಂ +3ರಲ್ಲಿರುತ್ತದೆ. ಕ್ರೋಮೈಟನ್ನು ಕ್ಷಾರದೊಡನೆ ಗಾಳಿಯಲ್ಲಿ ಹುರಿದು +6ಕ್ಕೇರಿಸಿ ಡೈಕ್ರೋಮೇಟ್ ತಯಾರಿಸುತ್ತಾರೆ, ಅನುಮಾಪನದಲ್ಲಿ ಆ ಕ್ರೋಮಿಯಂ ಮತ್ತೆ +3ಕ್ಕೆ ಇಳಿದು ದ್ರಾವಣ ಹಸಿರಾಗುತ್ತದೆ. ಆ ಹಸಿರಿನ ನಡುವೆ ಅಂತ್ಯಬಿಂದು, ಅಂದರೆ ಕ್ರಿಯೆ ಮುಗಿದ ಕ್ಷಣ, ಕಣ್ಣಿಗೆ ತಿಳಿಯದ ಕಾರಣ ಅಲ್ಲಿ ಬಣ್ಣ ಬದಲಿಸಿ ಅದನ್ನು ತೋರಿಸುವ ಡೈಫಿನೈಲಮೀನ್‌ನಂತಹ ಸೂಚಕ ಬೇಕಾಗುತ್ತದೆ.