ಡೇಟಾಬೇಸ್ ಡ್ರೈವರ್‌ಗೆ ಕನ್ನಡ ಪದ? ನಾಳೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಸಹಕಾರ ಸಂಘದ ಸರ್ವರ್ ರೂಮಿನ ಗೋಡೆಗೆ ಅಂಟಿಸುವ ಸೂಚನೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಲಿನಕ್ಸ್ ಸರ್ವರಿನಲ್ಲಿ ಬಾಕ್ಯುಲಾ ಅನ್ನೋ ಸಾಫ್ಟ್‌ವೇರ್ ರಾತ್ರಿ ಬ್ಯಾಕಪ್ ಮಾಡಿ, ಯಾವ ಜಾಬ್ (ಬ್ಯಾಕಪ್ ಕೆಲಸ) ಏನಾಯಿತು ಅನ್ನೋ ಲೆಕ್ಕವನ್ನು ಡೇಟಾಬೇಸ್ ಆಗಿರುವ ಪೋಸ್ಟ್‌ಗ್ರೆಸ್‌ನಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಬಂದವರು ವಿಂಡೋಸ್ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು, ಓಡಿಬಿಸಿ ಡ್ರೈವರ್ (ಎಕ್ಸೆಲ್ಲನ್ನು ಡೇಟಾಬೇಸಿಗೆ ಜೋಡಿಸುವ ಸಾಫ್ಟ್‌ವೇರ್) ಮೂಲಕ ಆ ಲೆಕ್ಕ ತರಿಸಿಕೊಂಡು, ಜಾಬ್‌ಸ್ಟೇಟಸ್ ಕಾಲಮ್ಮಿನಲ್ಲಿ ಟಿ ಇದ್ದರೆ ಕಾಫಿಗೆ ಹೋಗಬಹುದು, ಇ ಅಥವಾ ಚಿಕ್ಕ ಎಫ್ ಇದ್ದರೆ ಫೋನ್ ಮಾಡಬೇಕು. ಡ್ರೈವರ್, ಎಕ್ಸ್‌ಟ್ರಾಕ್ಟ್ ಎರಡಕ್ಕೂ ಪದ ಬೇಕು. ಹಳೇ ಹಾಳೆಯಲ್ಲಿ "ಚಾಲಕನನ್ನು ಅಳವಡಿಸಿ" ಅಂತಿದೆ, ಕೆಳಗೇ "ನಿರ್ವಾಹಕರನ್ನು ಸಂಪರ್ಕಿಸಿ". ಓದಿದ ಹುಡುಗ, ಮೇಡಂ, ಇದು ಬಸ್ ಸ್ಟ್ಯಾಂಡಿಂದ ತಂದಿದ್ದಾ ಅಂದ.

> ಚಾಲಕನನ್ನು ಅಳವಡಿಸಿ

ಚಾಲಕವನ್ನು. ಮುಗಿಯಿತು. ವಿಭಕ್ತಿ ತಪ್ಪಿದರೆ ಪದವನ್ನು ಯಾಕೆ ಬೈಯುತ್ತೀರಿ?

> ಮುಗಿಯಿತು

ಮುಗಿದಿಲ್ಲ ಸರ್. ಅದು ಏನನ್ನೂ ಓಡಿಸುವುದಿಲ್ಲ. ಎಕ್ಸೆಲ್ ಮಾತು ಒಂದು, ಪೋಸ್ಟ್‌ಗ್ರೆಸ್ ಮಾತು ಇನ್ನೊಂದು, ನಡುವೆ ನಿಂತು ಅತ್ತಿಂದಿತ್ತ ದಾಟಿಸುವುದಷ್ಟೇ ಅದರ ಕೆಲಸ. ಇಂಥವರಿಗೆ ಕಂಪನಿ ಸರ್ಕಾರದ ಕಾಲದಲ್ಲೇ ಹೆಸರಿತ್ತು: ದುಭಾಷಿ. ಎಕ್ಸ್‌ಟ್ರಾಕ್ಟ್‌ಗೆ "ಹೊರತೆಗೆ" ಬೇಡ, ಹಲ್ಲು ಕಿತ್ತ ಹಾಗೆ ಕೇಳುತ್ತದೆ. ಮಾಹಿತಿ ಅಲ್ಲೇ ಇರುತ್ತೆ, ಅಲ್ವಾ? ಪಹಣಿ ತೆಗೆಸುತ್ತೇವೆ, ಹಾಳೆ ನಮ್ಮ ಕೈಗೆ ಬರುತ್ತದೆ, ದಾಖಲೆ ಕಚೇರಿಯಲ್ಲೇ ಉಳಿಯುತ್ತದೆ. ಸುಮ್ನೆ "ತೆಗೆ" ಅನ್ನಿ.

> ದುಭಾಷಿ ... ಪಹಣಿ

ಒಂದು ಸಂಸ್ಕೃತದ ದ್ವಿಭಾಷಿ, ಇನ್ನೊಂದು ಮರಾಠಿಯ ಪಾಹಣಿ. ಚಾಲಕ ಅಂದವರದ್ದೂ ಸಂಸ್ಕೃತವೇ. ಕನ್ನಡದ ಬೇರಿನಿಂದ ಕಟ್ಟಲು ಯಾರಿಗೂ ಮನಸ್ಸಿಲ್ಲ. "ನುಡಿಮಾರುಗ" ಅನ್ನಿ.

> ನುಡಿಮಾರುಗ

ನುಡಿ ಮಾರುವವನಾ? ಕಿಲೋಗೆ ಎಷ್ಟು? ಇದೇ ಗುಂಪಿನಲ್ಲಿ "ಡೇಟಾ ಬಿಡಿ, ದತ್ತ ಅನ್ನಿ" ಅಂತ ಜಗಳವೂ ಆಗಿದೆ. ಲ್ಯಾಟಿನ್ನಿನ ಡೇಟಮ್, ಸಂಸ್ಕೃತದ ದತ್ತ ಎರಡೂ ಒಂದೇ ಬೇರಿನವು, ಎರಡಕ್ಕೂ ಅರ್ಥ "ಕೊಟ್ಟದ್ದು". ಅಣ್ಣನಿಂದ ಸಾಲ ತಂದು ತಮ್ಮನಿಗೆ ತೀರಿಸಿದ ಹಾಗಾಯಿತು. ಎರವಲು ಬೇಡವೇ ಬೇಡ ಅನ್ನುವವರು ಮೊದಲು ಕುರ್ಚಿಯಿಂದ ಏಳಲಿ, ಅದು ಅರಬ್ಬಿಯದ್ದು.

ಎಲ್ಲರಿಗೂ ಥ್ಯಾಂಕ್ಸ್. ದುಭಾಷಿ ಇಷ್ಟವಾಯಿತು, ಆದರೆ ಪರದೆ ಮೇಲೆ ಟ್ಯಾಬಿನ ಹೆಸರೇ ಡ್ರೈವರ್ಸ್, ಹುಡುಗ ಅದನ್ನೇ ಹುಡುಕುತ್ತಾನೆ. ಹಾಗಾಗಿ "ಡ್ರೈವರ್ ಹಾಕಿ, ಲೆಕ್ಕ ತೆಗೆಯಿರಿ" ಅಂತ ಬರೆದೆ. ಜಾಸ್ತಿ ತಲೆ ತಿಂದದ್ದು ಬೇರೆ: 32 ಬಿಟ್ ಎಕ್ಸೆಲ್‌ಗೆ 32 ಬಿಟ್ ಡ್ರೈವರೇ ಬೇಕು, 64 ಬಿಟ್ ವಿಂಡೋಸ್‌ನಲ್ಲಿ ಅದರ ಸೆಟ್ಟಿಂಗ್ ಇರುವುದು ಸಿಸ್‌ವೌ64 ಫೋಲ್ಡರಿನಲ್ಲಿ, 64 ಬಿಟ್‌ನದ್ದು ಸಿಸ್ಟಂ32ರಲ್ಲಿ, ಎರಡು ಫೈಲಿಗೂ ಒಂದೇ ಹೆಸರು, ಓಡಿಬಿಸಿಎಡಿ32. ಬಿಟ್‌ಗೆ ಕನ್ನಡ ಪದ ಏನು ಅಂತ ನಾನು ಕೇಳಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.