ಸಾಹೇಬರ ಹೆಂಡತಿಯರು ಅರ್ಜಿ ಹಿಡಿದು ಯಾಕೆ ಅಲೆಯುತ್ತಿದ್ದರು?

ಮಾಳಮಡ್ಡಿ ಹುಡುಗ:
ಧಾರವಾಡ ಕಿಲ್ಲೆಯ ಮುತ್ತಿಗೆ ಬಗ್ಗೆ ಓದುತ್ತಿದ್ದೇನೆ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ನಡೆದದ್ದು. ಒಳಗೆ ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್, ಹೊರಗೆ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು, ಅದರ ಜೊತೆ ಕ್ಯಾಪ್ಟನ್ ಲಿಟಲ್ ಕರೆದುಕೊಂಡು ಬಂದಿದ್ದ ಮುಂಬೈ ತುಕಡಿ. ಸಹಾಯಕ್ಕೆ ಬಂದ ಕರ್ನಲ್ ಫ್ರೆಡರಿಕ್ ಅನ್ನುವವನು ಮುತ್ತಿಗೆ ಮುಗಿಯುವ ಮೊದಲೇ ಇಲ್ಲೇ ಸತ್ತ. ಇದನ್ನು ಓದುತ್ತಾ ಸುಮ್ನೆ ಒಂದು ಪ್ರಶ್ನೆ ಬಂತು. ಇಂಥವರು ಸತ್ತರೆ ಮನೆಯವರ ಗತಿ ಏನು? ಹುಡುಕಿದರೆ, ಆ ಕಾಲದ ಬ್ರಿಟಿಷ್ ಅಧಿಕಾರಿಗಳ ವಿಧವೆಯರು ಮಂತ್ರಿಗಳಿಗೆ, ಸರದಾರರಿಗೆ ಸಾಲುಸಾಲು ಅರ್ಜಿ ಬರೆಯುತ್ತಿದ್ದರು, ಮಗನಿಗೊಂದು ಹುದ್ದೆ ಕೊಡಿ, ಪಿಂಚಣಿ ಕೊಡಿ ಅಂತ ಬೇಡುತ್ತಿದ್ದರು ಅಂತ ಗೊತ್ತಾಯಿತು. ಆದರೆ ಅದೇ ಅಧಿಕಾರಿಗಳು ಹುದ್ದೆಯನ್ನು ನೂರಾರು ಪೌಂಡ್ ಕೊಟ್ಟು ಕೊಳ್ಳುತ್ತಿದ್ದರು ಅಂತಲೂ ಇದೆ. ಅಷ್ಟು ದುಡ್ಡಿದ್ದವರ ಮನೆಗೆ ಬಡತನ ಹೇಗೆ ಬಂತು? ತಿಳಿದವರು ಹೇಳಿ.

ವಿದ್ಯಾನಗರ ಮಾಸ್ತರ:
ತಮ್ಮಾ, ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ. ಹುದ್ದೆ ಕೊಳ್ಳುತ್ತಿದ್ದರಲ್ಲ, ಅದೇ ಅವರ ಆಸ್ತಿ. 1766ರ ದರ ನೋಡು. ಕಾಲ್ದಳದಲ್ಲಿ ಎಲ್ಲಕ್ಕಿಂತ ಕೆಳಗಿನ ಎನ್ಸೈನ್ ಹುದ್ದೆಗೆ 400 ಪೌಂಡ್, ಲೆಫ್ಟಿನೆಂಟ್ ಆಗಲಿಕ್ಕೆ 550, ಕ್ಯಾಪ್ಟನ್ ಆಗಲಿಕ್ಕೆ 1500. ಇದು ಸರಕಾರವೇ ಗೊತ್ತು ಮಾಡಿದ ದರ, ಒಳಗೊಳಗೆ ಕೊಡುವುದು ಬೇರೆ. ಹೊಲ ಮಾರಿಯೋ, ಬೀಗರ ಹತ್ತಿರ ಕೈಗಡ ಮಾಡಿಯೋ ಹೊಂದಿಸುತ್ತಿದ್ದರು. ನಿವೃತ್ತಿ ಆಗುವಾಗ ಆ ಹುದ್ದೆಯನ್ನು ಇನ್ನೊಬ್ಬನಿಗೆ ಮಾರಿ ಹಾಕಿದ ದುಡ್ಡು ತೆಗೆದುಕೊಳ್ಳಬೇಕು. ಆದರೆ ಯುದ್ಧದಲ್ಲೋ ಜ್ವರದಲ್ಲೋ ಸತ್ತನೋ, ಮಾರಲಿಕ್ಕೆ ಏನೂ ಉಳಿಯಲಿಲ್ಲ. ಕೆಳಗಿನವನು ಮೇಲೇರಿದ, ದುಡ್ಡು ಹೋಯಿತು. ಸಾಲ ಮಾತ್ರ ಮನೆಯಲ್ಲಿ ಉಳಿಯಿತು.

ಸಾಯದಿದ್ದರೂ ಕಷ್ಟವೇ. ಯುದ್ಧ ಮುಗಿದ ಕೂಡಲೇ ರೆಜಿಮೆಂಟುಗಳನ್ನು ಮುಚ್ಚಿಬಿಡುತ್ತಿದ್ದರು. 1748, 1763, 1783, ಮೂರು ಸಲವೂ ಅದೇ ಕಥೆ. ಅಧಿಕಾರಿಗಳಿಗೆ ಅರ್ಧ ಪಗಾರ. ಎನ್ಸೈನ್‌ಗೆ ದಿನಕ್ಕೆ 1 ಶಿಲ್ಲಿಂಗ್ 10 ಪೆನ್ಸ್. ನಾನು ಲೆಕ್ಕ ಹಾಕಿದೆ, ವರ್ಷಕ್ಕೆ 33 ಪೌಂಡ್ ಚಿಲ್ಲರೆ ಆಗುತ್ತದೆ. 400 ಕೊಟ್ಟು ತೆಗೆದುಕೊಂಡ ಹುದ್ದೆ! ಅದರಲ್ಲೇ ಹೆಂಡತಿ ಮಕ್ಕಳು, ಆಳು, ಮೇಲಾಗಿ ದೊಡ್ಡವರ ಮನೆತನ ಅನ್ನಿಸಿಕೊಳ್ಳುವ ಬಟ್ಟೆಬರೆ. ಅಂಗಡಿ ಇಟ್ಟು ಕೂರುವ ಹಾಗಿಲ್ಲ, ಮರ್ಯಾದೆ ಹೋಗುತ್ತದೆ.

ವಿಧವೆಯರಿಗೆ 1708ರಿಂದ ಪಿಂಚಣಿ ಇತ್ತು. ಎನ್ಸೈನ್ ಹೆಂಡತಿಗೆ ವರ್ಷಕ್ಕೆ 16 ಪೌಂಡ್, ಕ್ಯಾಪ್ಟನ್ ಹೆಂಡತಿಗೆ 26. ಅದು ಹಕ್ಕಲ್ಲ, ರಾಜನ ದಯೆ. ಬೇರೆ ಆದಾಯ ಇಲ್ಲ ಅಂತ ಪ್ರಮಾಣ ಮಾಡಿ ಬರೆದುಕೊಡಬೇಕು. ದಯೆ ಅಂದಮೇಲೆ ಯಾರಾದರೂ ಶಿಫಾರಸು ಮಾಡಬೇಕಲ್ಲ. ಅದಕ್ಕೇ ಅರ್ಜಿ. ನಮ್ಮ ಕಡೆ ಅದಕ್ಕೆ ವಶೀಲಿ ಅಂತೀವಿ.

ಸತ್ತವನ ಸಣ್ಣ ಮಗನಿಗೆ ಎನ್ಸೈನ್ ಹುದ್ದೆ ಕೊಟ್ಟು, ಹುಡುಗನ ಪಗಾರ ತಾಯಿ ತಿನ್ನುವ ವ್ಯವಸ್ಥೆಯೂ ಇತ್ತು. ನಮ್ಮಲ್ಲಿ ಅನುಕಂಪದ ನೌಕರಿ ಇದೆಯಲ್ಲ, ಅದರ ಅಜ್ಜ ಅಂದುಕೋ. 1795ರಲ್ಲಿ ಡ್ಯೂಕ್ ಆಫ್ ಯಾರ್ಕ್ ಸೇನಾಪತಿ ಆದಮೇಲೆ 16 ತುಂಬದವರಿಗೆ ಹುದ್ದೆ ಇಲ್ಲ ಅಂದ.

ಗದಗಿನವ:
ಮಾಸ್ತರ ಹೇಳಿದ್ದು ರಾಜನ ಸೈನ್ಯದ ಮಾತು. ಆದರೆ ಧಾರವಾಡ ಕಿಲ್ಲೆಗೆ ಲಿಟಲ್ ಜೊತೆ ಬಂದವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದವರು, ಅಲ್ಲಿ ಹುದ್ದೆ ಕೊಳ್ಳುವ ಪದ್ಧತಿ ಇರಲಿಲ್ಲ. ಲಂಡನ್ನಿನ 24 ಡೈರೆಕ್ಟರುಗಳಲ್ಲಿ ಒಬ್ಬ ಹೆಸರು ಸೂಚಿಸಿದರೆ ನೀನು ಕೆಡೆಟ್, ಅಂದರೆ ಅಧಿಕಾರಿ ಆಗಲಿಕ್ಕೆ ಕಲಿಯುವ ಹುಡುಗ. ಇಲ್ಲದಿದ್ದರೆ ಇಲ್ಲ. ಆಮೇಲೆ ಮುಂದಿನವರು ಸತ್ತ ಹಾಗೆ, ಊರಿಗೆ ಹೋದ ಹಾಗೆ ಬಡ್ತಿ. ಅಂದರೆ ದುಡ್ಡಿಲ್ಲದ, ಆದರೆ ಯಾರೋ ಒಬ್ಬರ ಪರಿಚಯ ಇರುವ ಮನೆಯ ಹುಡುಗರೆಲ್ಲ ಈ ಕಡೆ ಬಂದರು. ಎಡ್ವರ್ಡ್ ಮೂರ್ ಅಂತ ಒಬ್ಬ ಇದ್ದ, ಮುತ್ತಿಗೆಯಲ್ಲಿದ್ದು ಆಮೇಲೆ ಲಿಟಲ್ ತುಕಡಿಯ ಬಗ್ಗೆ ಪುಸ್ತಕ ಬರೆದವನು. 1782ರಲ್ಲಿ ಅವನು ಕೆಡೆಟ್ ಆಗಿ ಹಡಗು ಹತ್ತಿದಾಗ ಇನ್ನೂ ಹನ್ನೆರಡು ತುಂಬಿರಲಿಲ್ಲ. ನನ್ನ ಮಗ ಆ ವಯಸ್ಸಿನವನು, ಹುಬ್ಬಳ್ಳಿಗೆ ಒಬ್ಬನೇ ಬಸ್ಸಿನಲ್ಲಿ ಕಳಿಸಲಿಕ್ಕೆ ಅವರವ್ವ ಬಿಡುವುದಿಲ್ಲ.

ಮನ್ರೋ ಕಥೆ ಇನ್ನೂ ಚೆನ್ನಾಗಿದೆ. 1817-18ರಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಎಲ್ಲ ಹಿಡಿದುಕೊಂಡ ಥಾಮಸ್ ಮನ್ರೋನೇ. ಅವನ ಅಪ್ಪ ಗ್ಲಾಸ್ಗೋದಲ್ಲಿ ವರ್ಜೀನಿಯಾದ ಜೊತೆ ವ್ಯಾಪಾರ ಮಾಡುತ್ತಿದ್ದವನು, ಅಮೆರಿಕದ ಯುದ್ಧದಲ್ಲಿ ದಿವಾಳಿ ಎದ್ದ. ಮಗ ಕೆಡೆಟ್ ಆಗಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದ. ಅಕ್ಕತಂಗಿಯರಲ್ಲಿ ಒಬ್ಬಳಿಗೆ 1789ರಲ್ಲಿ ಬರೆದ ಪತ್ರ ಇದೆ. ಬಂದು ಮೂರು ವರ್ಷ ಆದರೂ ಅವನಿಗೆ ತಲೆದಿಂಬು ಇರಲಿಲ್ಲ, ಒಂದು ಪುಸ್ತಕವನ್ನೋ ತೋಟಾ ಚೀಲವನ್ನೋ ತಲೆಕೆಳಗೆ ಇಟ್ಟುಕೊಳ್ಳುತ್ತಿದ್ದ. ಮಂಚ ಅಂದರೆ ಅಡ್ಡಡ್ಡ ಕೋಲುಗಳಿಗೆ ಬಿಗಿದ ಕ್ಯಾನ್ವಾಸ್. ಹೊದಿಕೆ ಇಲ್ಲ. ಊರಿಂದ ತಂದ ದೊಡ್ಡ ಕೋಟನ್ನೇ ತಲೆಕೆಳಗು ಮಾಡಿ, ಕಾಲುಗಳನ್ನು ತೋಳಿನೊಳಗೆ ತೂರಿಸಿ, ಕೆಳಗಿನ ಅಂಚನ್ನು ತಲೆ ಮೇಲೆ ಎಳೆದುಕೊಂಡು ಮಲಗುತ್ತಿದ್ದನಂತೆ. ಇಂಥ ಪಗಾರದಲ್ಲೇ ಅಣ್ಣತಮ್ಮ ಸೇರಿ ಅಪ್ಪನಿಗೆ ದುಡ್ಡು ಕಳಿಸುತ್ತಿದ್ದರು. ನಮ್ಮ ಓಣಿಯಿಂದ ದುಬೈಗೆ ಹೋದ ಹುಡುಗರ ಕಥೆಗೂ ಇದಕ್ಕೂ ಜಾಸ್ತಿ ಫರಕಿಲ್ಲ.

ಉಣಕಲ್ ಕೆರೆದಂಡಿ:
ಅಯ್ಯೋ ಪಾಪ ಅನ್ನುವ ಮೊದಲು ಸ್ವಲ್ಪ ನಿಲ್ಲಿ. ಕಂಪನಿಯ ಗಾಯಾಳುಗಳಿಗೆ, ವಿಧವೆಯರಿಗೆ ಪಿಂಚಣಿ ಎಲ್ಲಿಂದ ಬಂತು ಗೊತ್ತಾ? ಬಂಗಾಳದ ನವಾಬ ಮೀರ್ ಜಾಫರ್ ಸಾಯುವಾಗ ಕ್ಲೈವ್‌ಗೆ ಅಂತ ಬಿಟ್ಟುಹೋದ 5 ಲಕ್ಷ ರೂಪಾಯಿ. ಅದರಿಂದ 1770ರಲ್ಲಿ ಕ್ಲೈವ್ ನಿಧಿ ಶುರುವಾಯಿತು. 1770 ಅಂದರೆ ಬಂಗಾಳದಲ್ಲಿ ಜನ ಬರದಲ್ಲಿ ಸಾಯುತ್ತಿದ್ದ ವರ್ಷ. ಸಾಹೇಬರ ವಿಧವೆಯರ ಅರ್ಜಿಯಾದರೂ ಕಪಾಟಿನಲ್ಲಿ ಉಳಿದಿದೆ.

ಇನ್ನೊಂದು. ಈ ಅಧಿಕಾರಿಗಳಲ್ಲಿ ತುಂಬಾ ಜನ ಇಲ್ಲಿನ ಹೆಣ್ಣುಮಕ್ಕಳ ಜೊತೆ ಸಂಸಾರ ಮಾಡಿದ್ದರು. ಆ ಮಕ್ಕಳ ಗತಿ ಏನಾಯಿತು? ಮದ್ರಾಸಿನಲ್ಲಿ 1787ರಲ್ಲಿ ಹುಡುಗಿಯರಿಗೆ, 1789ರಲ್ಲಿ ಹುಡುಗರಿಗೆ ಅನಾಥಾಲಯ ತೆರೆದರು. ತಾಯಿ ಬದುಕಿದ್ದರೂ ಮಗು ಅನಾಥ! 1791ರಲ್ಲಿ ಕಂಪನಿ ಒಂದು ಹುಕುಂ ಹೊರಡಿಸಿತು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಭಾರತದವರಾದರೆ ಆ ಹುಡುಗನಿಗೆ ಅಧಿಕಾರಿ ಹುದ್ದೆ ಇಲ್ಲ. ಧಾರವಾಡ ಕಿಲ್ಲೆ ಬಿದ್ದದ್ದೂ ಅದೇ ವರ್ಷ. 1795ಕ್ಕೆ ಇನ್ನೂ ಬಿಗಿ ಮಾಡಿ, ನಗಾರಿ ಬಾರಿಸಲಿಕ್ಕೆ, ಕೊಳಲು ಊದಲಿಕ್ಕೆ, ಕುದುರೆಗೆ ಲಾಳ ಹೊಡೆಯಲಿಕ್ಕೆ ಮಾತ್ರ ಬನ್ನಿ ಅಂದರು. ಅಪ್ಪ ಕ್ಯಾಪ್ಟನ್ ಆಗಿದ್ದರೂ ಅಷ್ಟೇ. ಇವರಿಗೆ ಯಾವ ವಶೀಲಿಯೂ ನಡೆಯಲಿಲ್ಲ.

ಅಂದಹಾಗೆ ಆ ಹುಡುಗರ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಅನ್ನುವ ಪಾದ್ರಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದನ್ನು ನಮ್ಮವರ ಗಾವಟಿ ಶಾಲೆಯಲ್ಲಿ ನೋಡಿ ತಂದ. ಹುಡುಗರೇ ಹುಡುಗರಿಗೆ ಕಲಿಸುವ ಅವನ ಶಾಲೆಯ ರೀತಿ ಆಮೇಲೆ ಇಂಗ್ಲೆಂಡಿನಲ್ಲಿ ಮದ್ರಾಸ್ ಪದ್ಧತಿ ಅಂತ ಹೆಸರಾಯಿತು. ವಿಷಯ ಬಿಟ್ಟು ಹೋದೆ, ಇರಲಿ.

ಮಾಳಮಡ್ಡಿ ಹುಡುಗ:
ಎಲ್ಲರಿಗೂ ಧನ್ಯವಾದ. ಮಾಸ್ತರ, ಅನುಕಂಪದ ನೌಕರಿ ಅಂದಿರಲ್ಲ, ಅದು ನೇರ ಮನೆಗೇ ಬಂತು. ನಮ್ಮ ಅಪ್ಪ ಸರ್ವಿಸಿನಲ್ಲಿರುವಾಗಲೇ ಹೋದರು. ಪಿಂಚಣಿ ಫೈಲು ಒಂದು ಟೇಬಲ್ಲಿನಿಂದ ಪಕ್ಕದ ಟೇಬಲ್ಲಿಗೆ ಹೋಗಲಿಕ್ಕೆ ಏಳು ತಿಂಗಳು ಹಿಡಿಯಿತು. ಅವ್ವ ಪ್ರತಿ ಸೋಮವಾರ ಅದೇ ನೀಲಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಕೊನೆಗೆ ಸೋದರಮಾವನ ಪರಿಚಯದವರೊಬ್ಬರು ಫೋನ್ ಮಾಡಿದರು, ಒಂದು ವಾರದಲ್ಲಿ ಮುಗಿಯಿತು. ಅದನ್ನು ಲಂಚ ಅನ್ನಬೇಕೋ ಉಪಕಾರ ಅನ್ನಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ವಿಧವೆಯರಿಗೆ ಏನನ್ನಿಸುತ್ತಿತ್ತೋ.

ರಾಣೆಬೆನ್ನೂರು ರೊಟ್ಟಿ:
ನಾನೂ ಒಂದು ಸೇರಿಸುತ್ತೇನೆ. 1800ರಲ್ಲಿ, ಟಿಪ್ಪು ಸತ್ತಮೇಲೆ ದಂಡು ಕಟ್ಟಿಕೊಂಡು ಇಂಗ್ಲಿಷರ ವಿರುದ್ಧ ನಿಂತಿದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ನಮ್ಮ ಊರು, ಕುಂದಗೋಳ, ಡಂಬಳ ಎಲ್ಲ ಹಿಡಿದ. ಅವನೂ ವಶೀಲಿಯ ಹುಡುಗನೇ. ಅಪ್ಪ 1781ರಲ್ಲಿ ಸಾಲ ಬಿಟ್ಟು ಸತ್ತ, ದುಡ್ಡಿಲ್ಲ ಅಂತ 1784ರಲ್ಲಿ ಶಾಲೆ ಬಿಡಿಸಿದರು, 1787ರಲ್ಲಿ ಅಣ್ಣ ರಿಚರ್ಡ್ ದೊಡ್ಡವರಿಗೆ ಪತ್ರ ಬರೆದು ಎನ್ಸೈನ್ ಹುದ್ದೆ ಕೊಡಿಸಿದ. ಮುಂದೆ ಮೇಲಿನ ಹುದ್ದೆ ಕೊಳ್ಳಲಿಕ್ಕೂ ಅಣ್ಣನ ಹತ್ತಿರವೇ ಸಾಲ. ನಡುವೆ ಒಂದು ಹುಡುಗಿಯನ್ನು ಕೇಳಲಿಕ್ಕೆ ಹೋದರೆ, ಈ ಸಾಲಗಾರನಿಗೆ ಕೊಡುವುದಿಲ್ಲ ಅಂದರು ಅವರ ಮನೆಯವರು. ಸಿಟ್ಟಿಗೆ ತನ್ನ ಪಿಟೀಲುಗಳನ್ನೇ ಸುಟ್ಟು ಹಾಕಿದ. 1800ರಲ್ಲಿ ಅವನು ನಮ್ಮ ಕಡೆ ಬಂದಾಗ ಅದೇ ಅಣ್ಣ ಗವರ್ನರ್ ಜನರಲ್, ಕೇಳಬೇಕಾ?

ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತಮೇಲೆ ಸಾಮಾನು ಸರಂಜಾಮಿನ ನಡುವೆ ಅವನ ಮಗ ಸಿಕ್ಕ, ಸಲಾಬತ್ ಖಾನ್, ನಾಲ್ಕು ವರ್ಷದ ಕೂಸು. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ, 1805ರಲ್ಲಿ ಊರಿಗೆ ಹೋಗುವಾಗ ಹುಡುಗನ ಖರ್ಚಿಗೆ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಹತ್ತಿರ ಕೆಲಸಕ್ಕೆ ಸೇರಿದ.

ಉಣಕಲ್ ಕೆರೆದಂಡಿ:
ಅಪ್ಪನನ್ನು ಕೊಂದವನದೇ ವಶೀಲಿ! ಆ ಹುಡುಗನ ತಾಯಿ ಏನಾದಳು, ಅದನ್ನೂ ಯಾರಾದರೂ ಹುಡುಕಿರಿ.